ಮೂರು ಸಾಲು ಮೀರದಂತೆ

ಕಾಲೇಜು ಕೊಟ್ಟ ನೀಲಿ ಪುಸ್ತಕದಲ್ಲಿ
ದಿನಕ್ಕೊಂದು ಪುಟ. ಬಂದ ಹೊತ್ತು, ಹೋದ ಹೊತ್ತು,
ಮೇಲ್ವಿಚಾರಕರ ಸಹಿ. ಕೆಳಗೊಂದು ಚೌಕ:
ಇಂದು ಏನು ಕಲಿತಿರಿ? ಮೂರು ಸಾಲು ಮೀರದಂತೆ ಬರೆಯಿರಿ.

ಮೊದಲ ವಾರ ಬರೆದೆ: ಹಾಸಿಗೆಯ ಮೂಲೆ ಮಡಿಸುವುದು,
ಒಂದು ಕೂದಲೂ ಉಳಿಯದ ಹಾಗೆ ಬಚ್ಚಲು ಒರೆಸುವುದು.
ಎರಡನೆಯ ವಾರ: ಮೊಟ್ಟೆ, ಟೋಸ್ಟು,
ಒಂದೇ ಕೈಯಲ್ಲಿ ನಾಲ್ಕು ತಟ್ಟೆ.
ಮೂರನೆಯದು: ಬಾಗಿಲಲ್ಲಿ ನಿಂತು ನಗುವುದು.
ನಕ್ಕೂ ನಕ್ಕೂ ಕೆನ್ನೆ ನೋಯುತ್ತದೆ ಎಂಬುದನ್ನು ಬರೆಯಲಿಲ್ಲ.

ಊರಿನ ಹೆಸರೇ ಬಾಯಿಗೆ ಒಗ್ಗಿರಲಿಲ್ಲ.
ಲಾನ್‌ಡಿಡ್ನೋ. ಆ ಮೊದಲಕ್ಷರ
ಲ ಅಲ್ಲ, ಳ ಅಲ್ಲ. ನಾಲಗೆಯನ್ನು ಹಲ್ಲಿಗೆ ಒತ್ತಿ
ಕಾದ ಕಾವಲಿಗೆ ನೀರು ಚಿಮುಕಿಸಿದಂತೆ ಉಸಿರು ಬಿಡಬೇಕು.
ಕಲಿಸಿದವಳು ಗ್ಲೆನಿಸ್.
ಅವಳ ಬಾಯಿಗೆ ನೀಲಾಂಬಿಕೆ ಒಗ್ಗಲಿಲ್ಲ; ನೀಲ್ ಅಂದಳು.
ಎದೆಯ ಬಿಲ್ಲೆಯಲ್ಲಿ ಅದೂ ಇಲ್ಲ.
ಟ್ರೈನಿ.

ನವೆಂಬರ್. ಕಡಲೆದುರಿನ ಹೋಟೆಲುಗಳು ಅರ್ಧ ಕದ ಎಳೆದುಕೊಂಡಿವೆ.
ನಮ್ಮಲ್ಲಿ ಮಾತ್ರ ಜೇನು ಸಾಕುವವರ ಸಮ್ಮೇಳನ:
ನೂರ ಎಂಬತ್ತು ಜನ, ಹನ್ನೊಂದು ಸಸ್ಯಾಹಾರ,
ಒಬ್ಬರಿಗೆ ಜೇನೇ ಆಗದು.
ಗ್ಲೆನಿಸ್ ಪಟ್ಟಿಯನ್ನು ಎರಡು ಸಲ ಓದಿ,
ಇರಬಹುದು, ಹಾಗೇ ಬರೆದುಕೋ ಅಂದಳು.

ದಾರ ಹಿಡಿದು ಕುರ್ಚಿಗಳ ಬೆನ್ನು ಸಾಲು ಮಾಡಿದೆ.
ಹೆಸರಿನ ಬಿಲ್ಲೆಗಳನ್ನು ಮೇಜಿನ ಮೇಲೆ ಹರಡಿದೆ,
ಜೋನ್ಸರೇ ಇಪ್ಪತ್ತಾರು ಮಂದಿ.
ಮೈಕು ಕೆಮ್ಮಿತು. ಕಾಫಿ ತಡವಾಯಿತು.
ಯಾರೋ ರೇಗಿದರು,
ಯಾರದೋ ಪರವಾಗಿ ಕ್ಷಮೆ ಕೇಳಿದೆ.

ಸಂಜೆ ಹಾಲು ಖಾಲಿಯಾದ ಮೇಲೆ
ಸ್ಪರ್ಧೆಯ ಬಾಟಲಿಗಳ ಬಳಿ ಉಳಿದವನು ಎಮ್ರಿಸ್,
ತೋಳಿನ ತುಂಬ ಹಳೆಯ ಹೊಗೆಯ ವಾಸನೆ.
ಬಹುಮಾನ ಬಾರದ ತನ್ನ ಬಾಟಲಿಯನ್ನು
ಪತ್ರಿಕೆಯಲ್ಲಿ ಸುತ್ತುತ್ತ ಕೇಳಿದ, ಟ್ರೈನಿ ಅಂದರೆ ಏನು ಕೆಲಸ?
ಮೊದಲು ಕೋಣೆ ಗುಡಿಸುವುದು, ಆಮೇಲೆ ಊಟ ಬಡಿಸುವುದು,
ಆಮೇಲೆ ಬಾಗಿಲು, ಈಗ ಇದು.

ಅವನು ದಾರ ಕೆಳಗಿಟ್ಟ.
ನೊಣವೂ ಹಾಗೇ ಕಣಮ್ಮ.
ಕಣ್ಣು ಬಿಟ್ಟ ದಿನವೇ ತಾನು ಹುಟ್ಟಿದ ಕೋಣೆ ಗುಡಿಸುತ್ತದೆ.
ಆಮೇಲೆ ಮರಿಗಳಿಗೆ ಉಣಿಸುತ್ತದೆ, ಎರಿ ಕಟ್ಟುತ್ತದೆ,
ಬಾಗಿಲು ಕಾಯುತ್ತದೆ. ಹೂವು ಕಾಣುವುದು ಕಟ್ಟಕಡೆಗೆ.
ಆಮೇಲೆ?
ರೆಕ್ಕೆ ಹರಿಯುವ ತನಕ.
ಸಂಬಳ? ಎಂದೆ. ನಕ್ಕ. ನಿನಗೆ?
ಬಸ್ಸಿನ ಕಾಸು, ಒಂದು ಹೊತ್ತು ಊಟ.
ಆಗ ನಗಲಿಲ್ಲ.

ಹೋಗುವ ಮುಂಚೆ ಬಾಟಲಿಯನ್ನು ದೀಪಕ್ಕೆ ಹಿಡಿದು
ಮೇಲ್, ಅಂದ. ವೆಲ್ಷ್ ಮಾತಿನಲ್ಲಿ ಜೇನಿಗೆ ಅದೇ ಹೆಸರು.
ನಮ್ಮಲ್ಲಿ ಮೇಲು ಅಂದರೆ ಕೈಗೆ ಎಟುಕದ ಕಡೆ ಇರುವುದು:
ಮೇಲಿನ ಮಹಡಿ, ಮೇಲಿನವರು.
ಹಾಗಾದರೆ ಮೇಲ್ವಿಚಾರಕಿ ಗ್ಲೆನಿಸ್
ಜೇನನ್ನು ವಿಚಾರಿಸಿಕೊಳ್ಳುವವಳು!
ಒಬ್ಬಳೇ ನಕ್ಕೆ. ಈ ಸಲ ಕೆನ್ನೆ ನೋಯಲಿಲ್ಲ.

ಜೇನು ಕಿತ್ತವನು ಕೈ ನೆಕ್ಕದೆ ಬಿಡುತ್ತಾನೆಯೇ
ಎಂದು ಅಜ್ಜಿ ಕಛೇರಿಯ ಗುಮಾಸ್ತರನ್ನು ಆಡಿಕೊಳ್ಳುತ್ತಿದ್ದಳು.
ನಾನು ಕಿತ್ತವಳಲ್ಲ, ಬಟ್ಟೆ ಹಾಸಿದವಳು ಅಷ್ಟೆ.
ಆದರೂ ಮೇಜುಬಟ್ಟೆ ಮಡಿಸುವಾಗ ಬೆರಳು ಅಂಟಿತು,
ಆಚೀಚೆ ನೋಡಿ ನೆಕ್ಕಿದೆ.
ತುಸು ಕಹಿ, ಗುಡ್ಡದ ಹೂವಿನದಿರಬೇಕು.
ತಿರುಗಿದರೆ ಗ್ಲೆನಿಸ್.
ಏನೂ ಅನ್ನದೆ ಅದೇ ಕಲೆಯ ಮೇಲೆ ಬೆರಳಾಡಿಸಿ
ತಾನೂ ನೆಕ್ಕಿ, ಪೆನ್ನು ತೆಗೆದು
ಹೋದ ಹೊತ್ತು ಆರು ಗಂಟೆ ಎಂದು ಬರೆದು ಸಹಿ ಹಾಕಿದಳು.
ಗೋಡೆಯಲ್ಲಿ ಎಂಟೂ ಕಾಲು.

ಬಸ್ಸಿನಲ್ಲಿ ಚೌಕ ತುಂಬಿಸಿದೆ:
ಕುರ್ಚಿಗಳ ಜೋಡಣೆ.
ನೋಂದಣಿ ಮೇಜಿನ ನಿರ್ವಹಣೆ.
ಅತಿಥಿಗಳ ದೂರು ನಿಭಾಯಿಸುವುದು.
ಸರಿಯಾಗಿ ಮೂರು ಸಾಲು.

ಬೆಳಿಗ್ಗೆ ತೆರೆದರೆ ಆ ಪುಟ
ಇವತ್ತಿನದಕ್ಕೆ ಅಂಟಿಕೊಂಡಿದೆ.
ಮೆಲ್ಲಗೆ ಬಿಡಿಸಿದೆ.
ಮೂಲೆ ಹರಿಯಿತು.